ಹೆಪ್ಬರ್ನ್ ದಂಪತಿಗಳ ದುಃಖವೂ ಭಾಷಾಭ್ಯಾಸವೂ

ಮಿಶನ್ ಪಾಠಶಾಲೆಗಳಲ್ಲಿ ಓದಿ ಬೆಳೆದ ನಮ್ಮಂಥವರಿಗೆ ಮಿಶನೆರಿಗಳ ಜೀವನಚರಿತ್ರೆಗಳು ಅಜ್ಜಿಯ ಕಥೆಗಳಷ್ಟೇ ಪರಿಚಿತವಾದವುಗಳು. ಭಾನುವಾರದ ಶಾಲೆಯಲ್ಲಿ ಅವುಗಳನ್ನು ಕೇಳಿದೆವು. ಬೋರ್ಡಿಂಗಿನಲ್ಲಿ ರಾತ್ರಿಯ ಓದಿನ ಹೊತ್ತಿಗೆ ಓದಿದೆವು. ಮುಂದೆ ಉಪಾಧ್ಯಾಯಿನಿಯಾದ ಮೇಲೆ ಅವುಗಳನ್ನೇ ನಮ್ಮ ಮಕ್ಕಳಿಗೆ ಹೇಳಿದೆವು. ಜಪಾನಿಗೆ ಹೋದ ಡಾಕ್ಟರ್ ಜೇಮ್ಸ್ ಕರ್ಟಿಸ್ ಹೆಪ್ಬರ್ನರ ಕಥೆಯು ಅವುಗಳಲ್ಲಿ ಒಂದು. ಈ ಕಥೆಯನ್ನು ನಾವು ಬಹುಕಾಲ ಒಂದು ವಿಧವಾಗಿ ಹೇಳುತ್ತ ಬಂದೆವು. ಹಾಗೆ ಹೇಳಿದ್ದು ತಪ್ಪೆಂದು ಈಗ ನಮಗೆ ತೋರುತ್ತದೆ. ಈ ಸ್ಮರಣ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಅದನ್ನು ನಮ್ಮ ಬಾಯಿಂದಲೇ ಕೇಳಿದವರಾದುದರಿಂದ, ತಿದ್ದುವ ಕೆಲಸವನ್ನೂ ಇಲ್ಲಿಯೇ ಮಾಡುವುದು ನ್ಯಾಯವಷ್ಟೆ.

ನಾವು ಹೇಳುತ್ತಿದ್ದುದು ಹೀಗೆ: ನ್ಯೂಯಾರ್ಕ್ ನಗರದಲ್ಲಿ ಒಬ್ಬ ಹೆಸರಾಂತ ವೈದ್ಯರಿದ್ದರು. ದೇವರು ಅವರ ಎಳೆಯ ಮಕ್ಕಳನ್ನು ಒಬ್ಬರ ಹಿಂದೊಬ್ಬರನ್ನಾಗಿ ತನ್ನ ಬಳಿಗೆ ಕರೆದುಕೊಂಡನು. ಮನೆ ಬರಿದಾದ ಮೇಲೆ ಅವರು ಜಪಾನಿಗೆ ಹೋದರು, ಆ ದೇಶದ ಭಾಷೆಯನ್ನು ಕಲಿತು ದೊಡ್ಡದೊಂದು ಕೋಶವನ್ನು ಬರೆದರು, ಸತ್ಯವೇದವನ್ನು ಭಾಷಾಂತರಿಸಿದರು. ಆ ಮಕ್ಕಳು ಬದುಕಿದ್ದರೆ ಜಪಾನಿಗೆ ಆ ಗ್ರಂಥಗಳು ಎಲ್ಲಿಂದ ದೊರೆಯುತ್ತಿದ್ದವು? ಆದಕಾರಣ ದೇವರು ಮಾಡುವುದೆಲ್ಲ ಒಳ್ಳೆಯದಕ್ಕೆ. ಇಷ್ಟು ಹೇಳಿ ಪುಸ್ತಕವನ್ನು ಮುಚ್ಚಿ ಪ್ರಾರ್ಥನೆಗೆ ಗಂಟೆ ಬಾರಿಸುತ್ತಿದ್ದೆವು.

ಕೆಲವು ವರ್ಷಗಳ ಕೆಳಗೆ, ಮಳೆಗಾಲದ ಆರಂಭದಲ್ಲಿ, ನಮ್ಮ ಬೋರ್ಡಿಂಗಿನಲ್ಲಿದ್ದ ಎಂಟನೆಯ ತರಗತಿಯ ಒಬ್ಬ ಹುಡುಗಿಯ ತಮ್ಮನು ಊರಿನಲ್ಲಿ ಜ್ವರದಿಂದ ತೀರಿಕೊಂಡನು. ಅವಳನ್ನು ಮನೆಗೆ ಕಳುಹಿಸಿದೆವು. ಹದಿನೈದು ದಿನಗಳ ಮೇಲೆ ತಿರುಗಿ ಬಂದಳು. ಬಂದವಳು ಅಳಲಿಲ್ಲ. ಊಟಕ್ಕೆ ಕುಳಿತರೆ ಅನ್ನವನ್ನು ಕಲಸಿಕೊಂಡು ಹಾಗೆಯೇ ಇರುವಳು. ಪಾಠದಲ್ಲಿ ಪ್ರಶ್ನೆ ಕೇಳಿದರೆ ಎದ್ದು ನಿಂತು ಸುಮ್ಮನಿರುವಳು. ಅವಳಿಗೆ ಸಮಾಧಾನ ಹೇಳಬೇಕೆಂದು ನಾವು ಒಂದು ಸಾಯಂಕಾಲ ಕೋಣೆಗೆ ಕರೆಯಿಸಿ, ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಡಾಕ್ಟರ್ ಹೆಪ್ಬರ್ನರ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳಿದೆವು. ಅವಳು ಗಮನವಿಟ್ಟು ಕೇಳಿದಳು. ಕಡೆಗೆ ತಲೆಯೆತ್ತಿ, “ಹಾಗಾದರೆ ನನ್ನ ತಮ್ಮ ಯಾವ ಪುಸ್ತಕಕ್ಕೋಸ್ಕರ ಸತ್ತ, ಅಮ್ಮಾ?” ಎಂದು ಕೇಳಿದಳು.

ಅವಳು ಉದ್ಧಟತನದಿಂದ ಕೇಳಿದ್ದಲ್ಲ. ನಾವು ಕಲಿಸಿದ ಲೆಕ್ಕವನ್ನೇ ಅವಳು ಮಾಡಿ ನೋಡಿದಳು, ಉತ್ತರ ಬರಲಿಲ್ಲ. ನಮ್ಮ ಬಳಿಯಲ್ಲಿಯೂ ಉತ್ತರವಿರಲಿಲ್ಲ. ಆ ರಾತ್ರಿ ಕಪಾಟಿನಿಂದ ಹಳೆಯ ಪುಸ್ತಕಗಳನ್ನು ಇಳಿಸಿ ಹೆಪ್ಬರ್ನರ ಚರಿತ್ರೆಯನ್ನು ಮೊದಲಿನಿಂದ ಓದಲಾರಂಭಿಸಿದೆವು. ಅಂದಿನಿಂದ ದೊರೆತಷ್ಟನ್ನು ಓದುತ್ತಲೇ ಇದ್ದೇವೆ. ಓದಿದಷ್ಟೂ ನಾವು ಹೇಳುತ್ತಿದ್ದ ಕಥೆಗೂ ನಡೆದ ಸಂಗತಿಗೂ ಇರುವ ಅಂತರವು ಹೆಚ್ಚುತ್ತ ಬಂದಿತು.

ಹೆಪ್ಬರ್ನರು 1815ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ಮಿಲ್ಟನ್ ಎಂಬ ಊರಿನಲ್ಲಿ ಹುಟ್ಟಿದರು. ವೈದ್ಯಶಾಸ್ತ್ರವನ್ನು ಓದಿ, 1840ರಲ್ಲಿ ಕ್ಲಾರಾ ಲೀಟ್ ಎಂಬವರನ್ನು ಮದುವೆಯಾಗಿ, ಮರುವರುಷವೇ ಹೆಂಡತಿಯೊಡನೆ ಪೂರ್ವದೇಶಗಳ ಕಡೆಗೆ ಹಡಗು ಹತ್ತಿದರು. ಮೊದಲು ಸಿಂಗಪುರ, ಅನಂತರ ಚೀನದೇಶದ ಅಮೋಯ್. ಸಿಂಗಪುರದಲ್ಲಿ ಹುಟ್ಟಿದ ಮಗುವು ಬದುಕಿ ಉಳಿಯಲಿಲ್ಲ. ಅಮೋಯಿಯಲ್ಲಿ ಹುಟ್ಟಿದ ಸಮುವೇಲನೆಂಬ ಮಗನು ಉಳಿದನು. ಜ್ವರಗಳಿಂದ ಶರೀರವು ಬಡವಾಗಿ 1846ರಲ್ಲಿ ಅವರು ಸ್ವದೇಶಕ್ಕೆ ಮರಳಬೇಕಾಯಿತು. ನ್ಯೂಯಾರ್ಕಿನಲ್ಲಿ ಹದಿಮೂರು ವರ್ಷ ವೈದ್ಯವೃತ್ತಿ ನಡೆಯಿಸಿ ಒಳ್ಳೆಯ ಹೆಸರನ್ನೂ ಹಣವನ್ನೂ ಸಂಪಾದಿಸಿದರು. ಅಲ್ಲಿ ಹುಟ್ಟಿದ ಮೂವರು ಗಂಡುಮಕ್ಕಳು ಎಳೆವಯಸ್ಸಿನಲ್ಲಿಯೇ ತೀರಿಹೋದರು. ಪರರ ಮಕ್ಕಳನ್ನು ಉಳಿಸಿಕೊಡುವ ವೈದ್ಯನು ತನ್ನ ಮನೆಯಲ್ಲಿ ಕೈಚೆಲ್ಲಿ ಕುಳಿತುಕೊಳ್ಳುವ ದುಃಖವನ್ನು ವಿವರಿಸಬೇಕಾದುದಿಲ್ಲ.

ಇಲ್ಲಿಯೇ ನಮ್ಮ ಮೊದಲನೆಯ ತಪ್ಪು. ‘ಮನೆ ಬರಿದಾದ ಮೇಲೆ ಜಪಾನಿಗೆ ಹೋದರು’ ಎಂದು ನಾವು ಹೇಳುತ್ತಿದ್ದೆವಲ್ಲವೇ? ಮನೆ ಬರಿದಾಗಿರಲಿಲ್ಲ. ಸಮುವೇಲನಿದ್ದನು. 1859ರಲ್ಲಿ ತಂದೆತಾಯಿಗಳು ಜಪಾನಿಗೆ ಹೊರಟಾಗ ಅವನಿಗೆ ಹದಿನಾಲ್ಕು ಹದಿನೈದು ವಯಸ್ಸು. ವಿದ್ಯಾಭ್ಯಾಸಕ್ಕಾಗಿ ಅವನನ್ನು ಅಮೆರಿಕದಲ್ಲಿಯೇ ಬಿಟ್ಟುಹೋದರು. ಸತ್ತ ಮಕ್ಕಳನ್ನು ಎಣಿಸಿ ಹೇಳುವ ನಾವು ಬದುಕಿದ್ದ ಮಗನನ್ನು ಕಥೆಯಿಂದಲೇ ಬಿಟ್ಟಿದ್ದೆವು. ಯಾಕಂದರೆ ಅವನು ನಮ್ಮ ಲೆಕ್ಕಕ್ಕೆ ಅಡ್ಡಿಯಾಗುತ್ತಿದ್ದನು. ಸತ್ತವರನ್ನು ದೇವರು ಕರೆದುಕೊಂಡನೆನ್ನಬಹುದು; ಬಿಟ್ಟುಹೋದ ಮಗನನ್ನು ಯಾರು ಬಿಟ್ಟರೆಂದು ಹೇಳುವುದು?

ಇದು ಹೆಪ್ಬರ್ನರನ್ನು ನಿಂದಿಸುವ ಮಾತಲ್ಲ. ಆಗಿನ ಕಾಲದ ಮಿಶನೆರಿ ಕುಟುಂಬಗಳಲ್ಲಿ ಇದೇ ಪದ್ಧತಿಯಾಗಿತ್ತು. ನಮ್ಮ ದೇಶಕ್ಕೆ ಬಂದವರೂ ಹಾಗೆಯೇ ಮಾಡಿದರು. ಮಂಗಳೂರು, ಧಾರವಾಡ ಮೊದಲಾದ ಕಡೆ ಕೆಲಸಮಾಡುತ್ತಿದ್ದ ಬಾಸೆಲ್ ಮಿಶನ್ನಿನವರು ತಮ್ಮ ಎಳೆಯ ಮಕ್ಕಳನ್ನು ಯುರೋಪಿಗೆ ಕಳುಹಿಸಿಬಿಡುತ್ತಿದ್ದರು. ಇಂಥ ಮಕ್ಕಳಿಗೋಸ್ಕರವೇ ಬಾಸೆಲ್ ನಗರದಲ್ಲಿ 1853ರಲ್ಲಿ ಒಂದು ಮಕ್ಕಳ ಮನೆಯು ಏರ್ಪಟ್ಟಿತು. ನಮ್ಮ ಊರುಗಳ ಹಳೆಯ ಗೋರಿಸ್ಥಾನಗಳಲ್ಲಿ ಮಿಶನೆರಿಗಳ ಮಕ್ಕಳ ಚಿಕ್ಕ ಚಿಕ್ಕ ಸಮಾಧಿಗಳನ್ನು ಎಲ್ಲರೂ ನೋಡಿದ್ದಾರೆ. ಸಮುದ್ರದ ಆಚೆಗೆ ಹೋಗಿ ಬದುಕಿದ ಮಕ್ಕಳು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಅವರ ಹೆಸರಿನ ಕಲ್ಲು ಇಲ್ಲಿ ಇಲ್ಲ. ಬೋರ್ಡಿಂಗ್ ಶಾಲೆಯನ್ನು ನಡೆಯಿಸುವ ನಾವು ಇದನ್ನು ಲಘುವಾಗಿ ಬರೆಯುತ್ತಿಲ್ಲ. ಜೂನ್ ತಿಂಗಳ ಮೊದಲನೆಯ ವಾರದಲ್ಲಿ ಹೊಸ ಮಕ್ಕಳು ರಾತ್ರಿ ಹೊದ್ದಿಕೆಯೊಳಗೆ ಬಿಕ್ಕುವ ಶಬ್ದವು ನಮಗೆ ಗೊತ್ತು. ಬೆಳಗ್ಗೆ ಕೇಳಿದರೆ ಎಲ್ಲರೂ ‘ಚೆನ್ನಾಗಿ ನಿದ್ರೆ ಬಂದಿತು’ ಎನ್ನುತ್ತಾರೆ.

ಇನ್ನು ಭಾಷಾಭ್ಯಾಸದ ಮಾತು. ಎರಡು ನೂರು ವರ್ಷಗಳಿಗೂ ಮಿಕ್ಕಿ ಬಾಗಿಲು ಮುಚ್ಚಿಕೊಂಡಿದ್ದ ಜಪಾನು, ಅಮೆರಿಕದೊಡನೆ 1858ರಲ್ಲಿ ಮಾಡಿಕೊಂಡ ಒಡಂಬಡಿಕೆಯ ಮೇರೆಗೆ, ಮರುವರುಷ ಕನಗಾವದ ಬಂದರವನ್ನು ತೆರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹೆಪ್ಬರ್ನ್ ದಂಪತಿಗಳು ಅಲ್ಲಿಗೆ ಬಂದಿಳಿದರು. ವಾಸಕ್ಕೆ ದೊರೆತದ್ದು ಜೋಬುತ್ಸುಜಿ ಎಂಬ ಬೌದ್ಧ ದೇವಸ್ಥಾನ. ಕ್ರೈಸ್ತಮತವು ನಿಷಿದ್ಧವೆಂದು ಸಾರುವ ಹಲಗೆಗಳು ಊರ ದಾರಿಗಳಲ್ಲಿ ನಿಂತಿದ್ದವು. ಅವು 1873ರವರೆಗೂ ಇಳಿಯಲಿಲ್ಲ. ಸುವಾರ್ತೆಯನ್ನು ಬಹಿರಂಗವಾಗಿ ಸಾರುವಂತಿಲ್ಲ. ವೈದ್ಯಶಾಲೆಯನ್ನು ತೆರೆದರೆ ಕೆಲವೇ ತಿಂಗಳಲ್ಲಿ ಅಧಿಕಾರಿಗಳು ಮುಚ್ಚಿಸಿದರು. ಉಳಿದ ಕೆಲಸ ಒಂದೇ: ಭಾಷೆ ಕಲಿಯುವುದು.

ಆಗ ಅವರಿಗೆ ನಾಲ್ವತ್ತನಾಲ್ಕು ವಯಸ್ಸು. ನಮ್ಮ ವಯಸ್ಸೂ ಅದರ ಸಮೀಪದ್ದೇ ಆದುದರಿಂದ ಈ ಅಂಕಿಯನ್ನು ನಾವು ಎರಡು ಸಾರಿ ಓದಿದೆವು. ನಾಲ್ವತ್ತು ದಾಟಿದವರಿಗೆ ಒಂದು ಹೊಸ ಕೀರ್ತನೆಯನ್ನು ಬಾಯಿಪಾಠ ಮಾಡುವುದೇ ಕಷ್ಟ. ಜಪಾನೀ ಭಾಷೆಯಲ್ಲಾದರೋ ಎರಡು ಬಗೆಯ ಕಾನಾ ಲಿಪಿಗಳಿವೆ. ಅವುಗಳೊಡನೆ ಚೀನದಿಂದ ಬಂದ ಸಾವಿರಾರು ಅಕ್ಷರಗಳು. ಸಾಮಾನ್ಯ ಬಳಕೆಗೆಂದು ಅಲ್ಲಿಯ ಸರಕಾರವು ಈಗ ಗೊತ್ತುಮಾಡಿರುವವೇ 2,136. ಮಾತಿನಲ್ಲಿ ಗೌರವದ ಮೆಟ್ಟಲುಗಳು ಹಲವು. ತನ್ನ ತಾಯಿಯನ್ನು ಪರರ ಮುಂದೆ ಹೇಳುವಾಗ ‘ಹಹ’ ಎಂಬ ವಿನಯದ ಶಬ್ದ. ಎದುರಿಗಿರುವವರ ತಾಯಿಯನ್ನು ಕೇಳುವಾಗ ಬೇರೆಯೇ ಮರ್ಯಾದೆಯ ಶಬ್ದ. ಕ್ರಿಯಾಪದವು ವಾಕ್ಯದ ಕಡೆಯಲ್ಲಿ ಬರುತ್ತದೆ. ನಾಮಪದದ ಹಿಂದೆ ಪ್ರತ್ಯಯಗಳು ಅಂಟಿಕೊಳ್ಳುತ್ತವೆ. ಇದು ಇಂಗ್ಲಿಷ್ ಬಲ್ಲವರಿಗೆ ತಲೆಕೆಳಗಾಗಿ ತೋರಿದರೂ ಕನ್ನಡದ ಹುಡುಗಿಗೆ ಸಹಜವಾಗಿ ತೋರೀತು. ಅಷ್ಟು ಮಾತ್ರವಲ್ಲ, ಅವರ ಅಕ್ಷರಗಳ ಕ್ರಮವನ್ನು ನೋಡಿದರೆ ನಮಗೆ ಮನೆಯ ನೆನಪಾಗುತ್ತದೆ: ಅ, ಇ, ಉ, ಎ, ಒ, ಅನಂತರ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧಭಿಕ್ಷುಗಳು ಸಂಸ್ಕೃತದ ವರ್ಣಮಾಲೆಯನ್ನು ಅಭ್ಯಾಸಮಾಡಿದ ಗುರುತು ಅದು. ಹೆಪ್ಬರ್ನರಿಗೆ ಈ ನೆಂಟಸ್ತನದ ಅನುಕೂಲವಿರಲಿಲ್ಲ.

ಪುಸ್ತಕಗಳ ಸಹಾಯವೂ ಅತ್ಯಲ್ಪ. ಜೆಸುಯಿಟ್ ಪಾದ್ರಿಗಳು 1603ರಲ್ಲಿ ನಾಗಸಾಕಿಯಲ್ಲಿ ಅಚ್ಚುಹಾಕಿಸಿದ ಪೋರ್ಚುಗೀಸ್ ಅರ್ಥಗಳ ಕೋಶ ಒಂದು. ಜಪಾನನ್ನು ಕಣ್ಣಾರೆ ಕಾಣದ ಮೆಡ್‌ಹರ್ಸ್ಟ್ ಎಂಬ ಮಿಶನೆರಿಯು 1830ರಲ್ಲಿ ಬಟೇವಿಯದಲ್ಲಿ ಮುದ್ರಿಸಿದ ಚಿಕ್ಕ ಶಬ್ದಪಟ್ಟಿ ಒಂದು. ಈ ಎರಡಕ್ಕಿಂತಲೂ ಜೀವಂತನಾದ ಉಪಾಧ್ಯಾಯನನ್ನೇ ತಾನು ಮುಖ್ಯವಾಗಿ ನೆಚ್ಚಿಕೊಂಡೆನೆಂದು ಹೆಪ್ಬರ್ನರು ತಮ್ಮ ಕೋಶದ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾರೆ. ಈ ಮಾತನ್ನು ಶಿಕ್ಷಕರಾದ ನಾವು ಗೋಡೆಯ ಮೇಲೆ ಬರೆಯಿಸಿಡಬಹುದು. ಆದರೆ ಅದರ ಅರ್ಥವು ನಮ್ಮ ಹೊಗಳಿಕೆಯಲ್ಲ. ಉಪಾಧ್ಯಾಯನೆಂದರೆ ಅಲ್ಲಿ ಪಂಡಿತನೊಬ್ಬನೇ ಅಲ್ಲ. ಕಣ್ಣುಬೇನೆಯೆಂದು ಬಂದ ಮುದುಕ, ಮನೆಗೆಲಸದ ಆಳು, ಬೀದಿಯಲ್ಲಿ ಮೀನು ಮಾರುವವನು, ಎಲ್ಲರೂ ಉಪಾಧ್ಯಾಯರೇ. ನ್ಯೂಯಾರ್ಕಿನಲ್ಲಿ ಗಾಡಿ ಕಳುಹಿಸಿ ಕರೆಯಿಸಿಕೊಳ್ಳುತ್ತಿದ್ದ ವೈದ್ಯರು ಇಲ್ಲಿ ನೀರನ್ನು ಏನೆಂದು ಕೇಳಬೇಕೆಂದು ತಿಳಿಯದ ಮಗುವಾದರು. ಒಂದು ಪದವನ್ನು ತಪ್ಪಾಗಿ ಆಡುವುದು, ಎದುರಿನವರು ನಗುವುದು, ಮತ್ತೆ ಆಡುವುದು, ಹೀಗೆ ವರ್ಷಗಳು.

ನೋವಿರುವ ಮನುಷ್ಯನಿಗೆ ಇಂಥ ಕೆಲಸವು ಏನನ್ನು ಕೊಟ್ಟಿತೆಂಬುದನ್ನು ಹೊರಗಿನವರಾದ ನಾವು ನಿಶ್ಚಯವಾಗಿ ಹೇಳಲಾರೆವು. ಸಮಾಧಾನವನ್ನು ಕೊಟ್ಟಿತೆಂದು ಹಿಂದೆ ಧೈರ್ಯವಾಗಿ ಹೇಳುತ್ತಿದ್ದೆವು. ಈಗ ನಮ್ಮ ಅಭಿಪ್ರಾಯವು ಇಷ್ಟೇ: ವೈದ್ಯನ ಬಳಿಗೆ ಬರುವವರು ಮೊದಲು ಆಡುವ ಮಾತುಗಳು ಜ್ವರ, ಮಗು, ಹಾಲು, ನಿದ್ರೆ, ನೋವು, ಸಾವು. ಈ ಶಬ್ದಗಳನ್ನು ಒಂದೊಂದಾಗಿ ಕೇಳಿ, ಬರೆದುಕೊಂಡು, ಅರ್ಥವನ್ನು ತಿದ್ದಿಕೊಳ್ಳುತ್ತ ಹೋದವನು ಅವುಗಳನ್ನು ಬೇರೆಯವರ ಶಬ್ದಗಳೆಂದು ಎಣಿಸಿರಲಾರನು. ತನ್ನ ದುಃಖಕ್ಕೆ ಬದಲಾಗಿ ಅವನು ಭಾಷೆಯನ್ನು ಪಡೆದನೆಂಬುದು ಸುಳ್ಳು. ದುಃಖವನ್ನು ಬಾಗಿಲ ಹೊರಗೆ ಬಿಟ್ಟು ಪಾಠಕ್ಕೆ ಕುಳಿತನೆಂಬುದೂ ನಂಬತಕ್ಕದ್ದಲ್ಲ. ಎರಡೂ ಒಂದೇ ಮೇಜಿನ ಬಳಿಯಲ್ಲಿ ಇದ್ದವು.

ಕೋಶದ ಕೆಲಸದಲ್ಲಿ ಹೆಪ್ಬರ್ನರ ಬಲಗೈಯಾದ ಕಿಷಿದ ಗಿಂಕೋ ಎಂಬವರ ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ಈತನು ಕಣ್ಣಿನ ರೋಗಕ್ಕೆ ಔಷಧವನ್ನು ಬಯಸಿ ಹೆಪ್ಬರ್ನರ ಬಳಿಗೆ ಬಂದನು. ರೋಗ ವಾಸಿಯಾದ ಮೇಲೆ ಅವರ ಕೋಶದ ಕೆಲಸಕ್ಕೆ ನಿಂತನು. ಹಸ್ತಪ್ರತಿ ಸಿದ್ಧವಾದಾಗ ಜಪಾನಿನಲ್ಲಿ ಅಂಥ ಪುಸ್ತಕವನ್ನು ಅಚ್ಚುಮಾಡುವ ಅನುಕೂಲವಿರಲಿಲ್ಲ. ಆದುದರಿಂದ 1866ರಲ್ಲಿ ಹೆಪ್ಬರ್ನರು ಈತನನ್ನು ಕರೆದುಕೊಂಡು ಶಾಂಘಾಯಿಯ ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಶನ್ ಮುದ್ರಣಾಲಯಕ್ಕೆ ಹೋದರು. ಜಪಾನೀ ಅಕ್ಷರದ ಮೊಳೆಗಳನ್ನು ಅಲ್ಲಿ ಹೊಸದಾಗಿ ಮಾಡಿಸಬೇಕಾಯಿತು. ಅವುಗಳಿಗೆ ಕಿಷಿದನ ಕೈಬರಹವೇ ಮಾದರಿಯಾಯಿತು. 1867ರಲ್ಲಿ ಕೋಶವು ಹೊರಬಿತ್ತು: ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ಜಪಾನೀ ಶಬ್ದಗಳು, ಹತ್ತು ಸಾವಿರದಷ್ಟು ಇಂಗ್ಲಿಷ್ ಶಬ್ದಗಳು. 1886ರ ಮೂರನೆಯ ಮುದ್ರಣದ ಹೊತ್ತಿಗೆ ಜಪಾನೀ ಶಬ್ದಗಳೇ ಮೂವತ್ತೈದು ಸಾವಿರವನ್ನು ದಾಟಿದವು. ಆ ಮುದ್ರಣದಲ್ಲಿ ಜಪಾನೀ ಮಾತನ್ನು ರೋಮನ್ ಅಕ್ಷರಗಳಲ್ಲಿ ಬರೆದ ಕ್ರಮವೇ ಹೆಪ್ಬರ್ನ್ ಕ್ರಮವೆಂದು ಹೆಸರಾಗಿ, ಈಗಲೂ ಆ ದೇಶದ ರೈಲ್ವೆ ನಿಲ್ದಾಣಗಳ ಹಲಗೆಗಳ ಮೇಲೆ ಕಾಣುತ್ತದೆ. ನಮ್ಮಲ್ಲಿ ಕಿಟ್ಟೆಲರ ಕೋಶವು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಆ ಭಾರವಾದ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಶಬ್ದ ಹುಡುಕಿದವರಿಗೆ ಇಂಥ ಕೆಲಸದ ಅಳತೆಯು ತಿಳಿದೀತು. ಹೆಪ್ಬರ್ನರು ಕಿಷಿದನಿಗೆ ಕಣ್ಣಿನ ಔಷಧವನ್ನು ಮಾಡುವ ವಿಧಾನವನ್ನೂ ಕಲಿಸಿದರು. ಆತನು ಅದನ್ನು ‘ಸೇಕಿಸುಯಿ’ ಎಂಬ ಹೆಸರಿನಿಂದ ಮಾರಿ ಜೀವನೋಪಾಯವನ್ನು ಕಂಡುಕೊಂಡನು. ಕಾಲಾಂತರದಲ್ಲಿ ಕುರುಡರಿಗಾಗಿ ಶಾಲೆಯನ್ನು ಸ್ಥಾಪಿಸಿದವರ ಗುಂಪಿನಲ್ಲಿಯೂ ಸೇರಿದನು. ಈ ಭಾಗವನ್ನು ನಾವು ಎಷ್ಟು ಸಾರಿ ಓದಿದರೂ ಬೇಸರವಾಗುವುದಿಲ್ಲ.

ಆದರೆ ಕೋಶದ ಮುಖಪುಟದಲ್ಲಿ ಒಂದೇ ಹೆಸರಿದೆ. ಈಗ ಕ್ಲಾರಾ ಅಮ್ಮನವರ ವಿಷಯವನ್ನು ಹೇಳಬೇಕು. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಅದನ್ನು ಹೇಳದಿದ್ದರೆ ಇನ್ನೆಲ್ಲಿ ಹೇಳುವುದು? ಮಕ್ಕಳನ್ನು ಹೆತ್ತವರೂ ಕಳೆದುಕೊಂಡವರೂ ಆಕೆ. ಕನಗಾವದಲ್ಲಿದ್ದಾಗ ಒಂದು ದಿನ ಬೀದಿಯಲ್ಲಿ ಯಾರೋ ಹಿಂದಿನಿಂದ ಬಂದು ಆಕೆಯನ್ನು ದೊಣ್ಣೆಯಿಂದ ಹೊಡೆದರು. 1861ರಲ್ಲಿ ಆಕೆ ಒಬ್ಬರೇ ಅಮೆರಿಕಕ್ಕೆ ಹೊರಟರು. ಮಗನು ಇದ್ದದ್ದು ಅಲ್ಲಿ. ತಿರುಗಿ ಬಂದದ್ದು 1863ರಲ್ಲಿ. ಆ ನಡುವಿನ ಕಾಲದಲ್ಲಿ ಗಂಡನು ಶಬ್ದಗಳನ್ನು ಕೂಡಿಸುತ್ತಿದ್ದನು. ಹೆಂಡತಿಯು ಭೂಮಿಯ ಇನ್ನೊಂದು ಕಡೆಯಲ್ಲಿ ಮಗನ ಬಳಿಯಲ್ಲಿದ್ದಳು. ಒಂದು ಸಂಸಾರವನ್ನು ಎರಡು ತುಂಡುಮಾಡಿ ನಡುವೆ ಸಮುದ್ರವನ್ನಿಟ್ಟಂತಾಯಿತು. ಆಕೆ ಬಾರದೆ ಅಲ್ಲಿಯೇ ನಿಂತಿದ್ದರೆ ಯಾರಾದರೂ ತಪ್ಪೆನ್ನಬಹುದಾಗಿತ್ತೇ? ನಾವಂತೂ ಎನ್ನಲಾರೆವು. ಬಂದರು. ಬಂದ ವರ್ಷವೇ ಯೊಕೊಹಾಮದ ತಮ್ಮ ಮನೆಯಲ್ಲಿ ಜಪಾನೀ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳಲಾರಂಭಿಸಿದರು. ಆಕೆಯ ಬಳಿಯಲ್ಲಿ ಇಂಗ್ಲಿಷ್ ಕಲಿತ ಹುಡುಗರಲ್ಲಿ ತಕಹಾಶಿ ಕೊರೆಕಿಯೊ ಎಂಬವನು ಮುಂದೆ ಜಪಾನಿನ ಪ್ರಧಾನಮಂತ್ರಿಯಾದನು.

ಆ ಪಾಠದ ಕೋಣೆಯಿಂದ ಹುಟ್ಟಿದ ಇನ್ನೊಂದು ಫಲವು ನಮಗೆ ಇನ್ನೂ ಹತ್ತಿರದ್ದು. 1870ರಲ್ಲಿ ಮೇರಿ ಕಿಡರ್ ಎಂಬ ಅವಿವಾಹಿತ ಮಿಶನೆರಿ ಉಪಾಧ್ಯಾಯಿನಿಯು ಕ್ಲಾರಾ ಅಮ್ಮನವರ ತರಗತಿಯನ್ನು ವಹಿಸಿಕೊಂಡು, ಬರಬರುತ್ತ ಅದನ್ನು ಹೆಣ್ಣುಮಕ್ಕಳ ಶಾಲೆಯಾಗಿ ಬೆಳೆಸಿದರು. ಅದೇ ಯೊಕೊಹಾಮದ ಫೆರಿಸ್ ಶಾಲೆ; ಜಪಾನಿನಲ್ಲಿ ಹೆಣ್ಣುಮಕ್ಕಳಿಗಾಗಿ ಏರ್ಪಟ್ಟ ಬಹು ಹಳೆಯ ಶಾಲೆಗಳಲ್ಲಿ ಒಂದು, ಇಂದಿಗೂ ನಡೆಯುತ್ತಿದೆ. ಮಕ್ಕಳನ್ನು ಕಳೆದುಕೊಂಡ ತಾಯಿಗೆ ಪರರ ಮಕ್ಕಳು ಮಕ್ಕಳಾದರು ಎಂದು ಇಲ್ಲಿ ಬರೆದುಬಿಡುವುದು ಬಹಳ ಸುಲಭ. ಲೇಖನಿಯು ತಾನಾಗಿಯೇ ಆ ಕಡೆಗೆ ಓಡುತ್ತದೆ. ಆದರೆ ಅದೂ ಹಳೆಯ ಲೆಕ್ಕವೇ. ಇಪ್ಪತ್ತಕ್ಕಿಂತ ಹೆಚ್ಚು ವರ್ಷ ಪಾಠ ಹೇಳಿದ ಅನುಭವದಿಂದ ಹೇಳುತ್ತೇವೆ, ಶಾಲೆಯ ಮಕ್ಕಳು ಶಾಲೆಯ ಮಕ್ಕಳೇ. ಅವರನ್ನು ಪ್ರೀತಿಸುತ್ತೇವೆ, ಅವರು ಯಾರ ಬದಲಿಗೂ ಬಂದವರಲ್ಲ. ಬದಲಿಗೆ ಬಂದವರೆಂದು ಎಣಿಸಿದರೆ ಅವರಿಗೂ ಅನ್ಯಾಯ, ಹೋದವರಿಗೂ ಅನ್ಯಾಯ.

ಸತ್ಯವೇದದ ಭಾಷಾಂತರವನ್ನು ಕುರಿತು ಸಂಕ್ಷೇಪವಾಗಿ ಹೇಳುವೆವು. ಅದು ಸಭೆಯವರಿಗೆ ಗೊತ್ತಿರತಕ್ಕ ಸಂಗತಿ. ಹೊಸ ಒಡಂಬಡಿಕೆಯು 1880ರಲ್ಲಿಯೂ ಹಳೆಯ ಒಡಂಬಡಿಕೆಯು 1887ರಲ್ಲಿಯೂ ಮುಗಿದವು. ಹೆಪ್ಬರ್ನರ ಜೊತೆಯಲ್ಲಿ ಇತರ ಮಿಶನೆರಿಗಳೂ ಜಪಾನೀ ವಿದ್ವಾಂಸರೂ ದುಡಿದರು. ಇದಕ್ಕೆ ಸಂಬಂಧಪಟ್ಟ ಒಂದು ವಿಚಾರವು ಮಾತ್ರ ನಮ್ಮ ಮನಸ್ಸಿನಲ್ಲಿ ನಿಂತಿದೆ. ಹೆಪ್ಬರ್ನರು ಯೌವನದಲ್ಲಿ ಸಿಂಗಪುರದಲ್ಲಿದ್ದಾಗಲೇ ಜಪಾನೀ ಭಾಷೆಯ ಯೋಹಾನನ ಸುವಾರ್ತೆಯ ಒಂದು ಪ್ರತಿಯು ಅವರ ಕೈಗೆ ಸಿಕ್ಕಿತ್ತು. ಗುಟ್ಸ್ಲಾಫ್ ಎಂಬ ಮಿಶನೆರಿಯು, ಹಡಗು ಒಡೆದು ದಿಕ್ಕಿಲ್ಲದೆ ಬಂದ ಮೂವರು ಜಪಾನೀ ನಾವಿಕರ ಸಹಾಯದಿಂದ ಅದನ್ನು ಭಾಷಾಂತರಿಸಿದ್ದನು. 1837ರಲ್ಲಿ ಅದು ಸಿಂಗಪುರದಲ್ಲಿಯೇ ಅಚ್ಚಾಗಿತ್ತು. ಆ ನಾವಿಕರನ್ನು ಹತ್ತಿಸಿಕೊಂಡು ಹೋದ ಹಡಗನ್ನು ಜಪಾನಿನವರು ತೋಪು ಹಾರಿಸಿ ಅಟ್ಟಿದುದರಿಂದ ಅವರು ತಮ್ಮ ಮನೆಗಳನ್ನು ಸೇರಲೇ ಇಲ್ಲ. ಮನೆಯನ್ನು ಸೇರಲಾರದವರು ಹೇಳಿಕೊಟ್ಟ ಮಾತುಗಳು, ಮೊದಲನೆಯ ಮಗುವನ್ನು ಕಳೆದುಕೊಂಡವರ ಕೈಯಲ್ಲಿ. ಇದರಲ್ಲಿ ಏನಾದರೂ ಉದ್ದೇಶವನ್ನು ಹುಡುಕಬೇಕೆಂದು ನಮಗೆ ಆಸೆಯಾಗುತ್ತದೆ. ಹುಡುಕುವುದಿಲ್ಲ.

ಇಷ್ಟನ್ನು ಓದಿದ ತಂದೆತಾಯಿಗಳು, ‘ಹಾಗಾದರೆ ದೇವರ ಚಿತ್ತವೆಂಬುದಿಲ್ಲವೇ? ಮುಖ್ಯೋಪಾಧ್ಯಾಯಿನಿಯವರೇ ಹೀಗೆ ಬರೆದರೆ ಮಕ್ಕಳ ಗತಿಯೇನು?’ ಎಂದು ಕೇಳಬಹುದು. ದೇವರ ಚಿತ್ತವಿಲ್ಲವೆಂದು ನಾವು ಹೇಳಲಿಲ್ಲ; ಅದನ್ನು ಲೆಕ್ಕದ ಪುಸ್ತಕದಂತೆ ತೆರೆದು, ಇಲ್ಲಿ ಖರ್ಚು, ಇಲ್ಲಿ ಜಮಾ ಎಂದು ತೋರಿಸುವ ಅಧಿಕಾರವು ನಮಗಿಲ್ಲವೆಂದು ಹೇಳಿದೆವು. ಯೋಬನ ಸ್ನೇಹಿತರು ಏಳು ದಿನ ಅವನೊಡನೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ; ಎಂಟನೆಯ ದಿನ ಬಾಯಿ ತೆರೆದು ಕೆಟ್ಟರು. ನಮ್ಮ ಸಭೆಗಳಲ್ಲಿ ಸಾವಿನ ಮನೆಗೆ ಹೋಗುವವರಲ್ಲಿ ಎಂಟನೆಯ ದಿನದವರೇ ಹೆಚ್ಚು. ಬಾಗಿಲಲ್ಲಿ ಚಪ್ಪಲಿ ಬಿಡುವುದರೊಳಗಾಗಿಯೇ ವಿವರಣೆಯನ್ನು ಆರಂಭಿಸುತ್ತಾರೆ. ಎಳೆಯ ಮಗನನ್ನು ಮಣ್ಣಿಗಿಟ್ಟು ಬಂದ ತಾಯಿಯೊಬ್ಬಳಿಗೆ, ‘ನಿನಗೆ ಇನ್ನೂ ಇಬ್ಬರಿದ್ದಾರಲ್ಲ’ ಎಂದು ಹೇಳಿದ ಮಾತನ್ನು ನಾವು ಕಿವಿಯಾರೆ ಕೇಳಿದ್ದೇವೆ. ನಮ್ಮ ಹೆಪ್ಬರ್ನ್ ಕಥೆಯು ಆ ಮಾತಿಗಿಂತ ಎಷ್ಟು ಮೇಲು? ಅದಕ್ಕೆ ಬಟ್ಟೆ ಸ್ವಲ್ಪ ಚೆನ್ನಾಗಿತ್ತು, ಅಷ್ಟೆ.

ಭಾಷಾಭ್ಯಾಸದ ವಿಷಯದಲ್ಲಿಯೂ ತಂದೆತಾಯಿಗಳಿಗೆ ಒಂದು ಮಾತನ್ನು ಹೇಳಬೇಕಾಗಿದೆ. ನಮ್ಮ ಶಾಲೆಗೆ ಬರುವ ಹುಡುಗಿಯರ ಮನೆಗಳಲ್ಲಿ ತುಳು, ಕೊಂಕಣಿ, ಮಲಯಾಳ, ಬ್ಯಾರಿ, ಕನ್ನಡ ಹೀಗೆ ಅನೇಕ ಮಾತುಗಳಿವೆ. ‘ಹುಡುಗಿ ಇಂಗ್ಲಿಷ್ ಕಲಿತರೆ ಸಾಕು, ಉಳಿದ ಭಾಷೆಗಳಿಂದ ಏನು ಪ್ರಯೋಜನ?’ ಎಂದು ವರ್ಷಕ್ಕೆ ಹತ್ತು ಮಂದಿಯಾದರೂ ನಮ್ಮನ್ನು ಕೇಳುತ್ತಾರೆ. ಪ್ರಯೋಜನವನ್ನು ರೂಪಾಯಿಯಲ್ಲಿ ಹೇಳಲು ನಮಗೆ ಬಾರದು. ಆದರೆ ಮೇಲೆ ಹೇಳಿದ ಆ ಮಳೆಗಾಲದಲ್ಲಿ, ನಮ್ಮ ಕೋಣೆಯಿಂದ ಹೊರಗೆ ಹೋದ ಹುಡುಗಿಯನ್ನು ಅಡಿಗೆಯ ಮನೆಯ ಹತ್ತಿರ ತಡೆದು ನಿಲ್ಲಿಸಿದವಳು ಅವಳ ತರಗತಿಯವಳೇ ಆದ ಇನ್ನೊಬ್ಬಳು. ಇವಳ ಮನೆಯ ಮಾತು ಬೇರೆ, ಅವಳ ಮನೆಯ ಮಾತು ಬೇರೆ. ಶಾಲೆಯಲ್ಲಿ ಇಬ್ಬರೂ ಕನ್ನಡದಲ್ಲಿಯೇ ಮಾತನಾಡುತ್ತಿದ್ದರು. ಆ ಗೆಳತಿಯು ಬೋರ್ಡಿಂಗಿನಲ್ಲಿ ಆಟದ ನಡುವೆ ಕಲಿತುಕೊಂಡಿದ್ದ ನಾಲ್ಕಾರು ತುಳು ಮಾತುಗಳನ್ನು ತಪ್ಪುತಪ್ಪಾಗಿ ಜೋಡಿಸಿ, ‘ನಿನ್ನ ತಮ್ಮನ ಹೆಸರೇನು?’ ಎಂದು ಕೇಳಿದಳಂತೆ. ನಾವು ಅವನ ಹೆಸರನ್ನೇ ಕೇಳಿರಲಿಲ್ಲ. ಆಗ ಹುಡುಗಿಗೆ ಅಳು ಬಂದಿತೆಂದು ಮೇಟ್ರನ್ ಅಮ್ಮನವರು ಬಂದು ತಿಳಿಸಿದರು. ಅಂದು ರಾತ್ರಿ ಅವಳು ಊಟಮಾಡಿದಳು.

ಆ ಹುಡುಗಿಯು ಹತ್ತನೆಯ ತರಗತಿಯನ್ನು ಮುಗಿಸಿ ಶಾಲೆಯನ್ನು ಬಿಡುವ ದಿನ ನಮಗೆ ನಮಸ್ಕಾರ ಹೇಳಲು ಬಂದಳು. ಹೆಪ್ಬರ್ನರ ಕಥೆಯನ್ನು ನಾವು ತಪ್ಪಾಗಿ ಹೇಳಿದೆವೆಂದು ಅವಳೊಡನೆ ಒಪ್ಪಿಕೊಂಡು, ಬಿಟ್ಟಿದ್ದ ಭಾಗವನ್ನು ಹೇಳಿದೆವು. ಅವಳು ಕೋಶದ ವಿಷಯವಾಗಿ ಏನೂ ಕೇಳಲಿಲ್ಲ. ಡಾಕ್ಟರರು ಮೂವತ್ತಮೂರು ವರ್ಷ ಜಪಾನಿನಲ್ಲಿದ್ದು 1892ರಲ್ಲಿ ಅಮೆರಿಕಕ್ಕೆ ಮರಳಿದ್ದನ್ನೂ, ಕ್ಲಾರಾ ಅಮ್ಮನವರು 1906ರಲ್ಲಿ ತೀರಿಕೊಂಡದ್ದನ್ನೂ, ಐದು ವರ್ಷಗಳ ಮೇಲೆ ಅವರೂ ಹೋದದ್ದನ್ನೂ ಸುಮ್ಮನೆ ಕೇಳಿದಳು. ಆಮೇಲೆ, “ಆ ಸಮುವೇಲ ಏನಾದ?” ಎಂದಳು.

ದೊಡ್ಡವನಾದ ಮೇಲೆ ಅವನೂ ಜಪಾನಿಗೆ ಬಂದು ವರ್ತಕರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದನೆಂದು ಹೇಳಿದೆವು.

“ಅವನ ಅಮ್ಮ ಇದ್ದ ಊರಿಗೇ?”

ಅದೇ ಊರಿಗೆ, ಎಂದೆವು.